ರೋಗವನ್ನೇ ಬೆಳೆಯುವ ಹೊಲ

ಸೇಡಂ, ಚಿಂಚೋಳಿ ಕಡೆಯ ಎರೆ ಹೊಲಗಳಲ್ಲಿ ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗ ಎದ್ದು ಕಾಣುತ್ತದೆ. ಮಣ್ಣಲ್ಲಿ ಹಸಿ ಇದ್ದರೂ ಗಿಡ ಎಲೆ ಜೋತುಬಿಡುತ್ತದೆ. ಕೆಲವೊಮ್ಮೆ ಒಂದೇ ಟೊಂಗೆ ಒಣಗಿ, ಉಳಿದವು ಹಸಿರಾಗೇ ಇರುತ್ತವೆ. ಅಂಥ ಗಿಡದ ಬುಡ ನೋಡಿ: ನೆಲದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟಿ ಏರಿರುತ್ತದೆ. ಉಗುರಿನಿಂದ ಸಿಪ್ಪೆ ಸುಲಿದರೆ ಒಳಗಿನ ಬಿಳಿ ಕಟ್ಟಿಗೆಯ ಮೇಲೆ ಕಪ್ಪು ಗೆರೆಗಳು. ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಬೇರಿನಿಂದ ಒಳಹೊಕ್ಕು, ನೀರು ಏರುವ ನಾಳಗಳನ್ನು ಮುಚ್ಚಿಬಿಟ್ಟ ಗುರುತು ಅದು.

ಈ ಶಿಲೀಂಧ್ರ ಕೂಳೆ, ಬೇರುಗಳಲ್ಲಿ ಮೂರು ವರ್ಷದವರೆಗೂ ಜೀವ ಹಿಡಿದು ಕೂತಿರುತ್ತದೆ. ಎಲೆಗೆ ಔಷಧ ಹೊಡೆದರೆ ಅದಕ್ಕೆ ತಗಲುವುದಿಲ್ಲ. 2022ರ ಹಂಗಾಮಿನಲ್ಲಿ ಕಲಬುರಗಿ ಸೀಮೆಯ ತೊಗರಿ ನೆಟೆಗೆ ಒಣಗಿ ನಿಂತು, ಸರ್ಕಾರ ಹೆಕ್ಟೇರಿಗೆ ₹10,000 ಪರಿಹಾರ ಘೋಷಿಸಬೇಕಾಯಿತು. ಹಾಗಾಗಿ ರೈತನ ದೊಡ್ಡ ಆಸರೆ ಎಂದರೆ ರೋಗ ತಡೆಯುವ ತಳಿ. ಅದು ಎಲ್ಲಿಂದ ಬರುತ್ತದೆ, ಬಂದದ್ದು ಯಾಕೆ ಕೆಲವು ವರ್ಷಕ್ಕೆ ಸೋಲುತ್ತದೆ ಎಂಬುದನ್ನು ತೊಗರಿ ಬೆಳೆಯುವ ಪ್ರತಿ ಮನೆಯವರೂ ತಿಳಿದಿರಬೇಕು.

ಸಂಶೋಧನಾ ಕೇಂದ್ರಗಳಲ್ಲಿ ‘ರೋಗದ ತಾಕು’ ಎಂದು ಒಂದು ಹೊಲವನ್ನೇ ಮೀಸಲಿಡುತ್ತಾರೆ. ಅಲ್ಲಿ ಬೆಳೆ ಬದಲಾಯಿಸುವುದಿಲ್ಲ. ನೆಟೆ ಬಡಿದ ಗಿಡಗಳನ್ನು ಕತ್ತರಿಸಿ ಅದೇ ಮಣ್ಣಿಗೆ ಸೇರಿಸುತ್ತಾರೆ, ವರ್ಷ ವರ್ಷವೂ ರೋಗಕ್ಕೆ ಬೇಗ ಬೀಳುವ ತೊಗರಿಯನ್ನೇ ಬಿತ್ತುತ್ತಾರೆ. ಮಣ್ಣಿನ ಉದ್ದಗಲಕ್ಕೂ ಶಿಲೀಂಧ್ರ ತುಂಬಿದ ಮೇಲೆ ಪರೀಕ್ಷೆ ಶುರು. ಹೊಸ ತಳಿಗಳ ಕೆಲವು ಸಾಲು, ನಡುನಡುವೆ ಐಸಿಪಿ 2376ರಂಥ ಬಲಹೀನ ತಳಿಯ ಒಂದು ಸಾಲು. ಆ ಬಲಹೀನ ಸಾಲು ಸಾಯಲೇಬೇಕು. ಅದೇ ಬದುಕಿಬಿಟ್ಟರೆ ಅಲ್ಲಿ ರೋಗವೇ ಸರಿಯಾಗಿ ಇರಲಿಲ್ಲ ಎಂದರ್ಥ. ಪಕ್ಕದ ಸಾಲು ಎಷ್ಟು ಹಸಿರಾಗಿದ್ದರೂ ಲೆಕ್ಕಕ್ಕಿಲ್ಲ. ಅಕ್ಕಪಕ್ಕ ಎಲ್ಲ ಒಣಗಿದಾಗಲೂ ನೂರಕ್ಕೆ ಹತ್ತು ಗಿಡಕ್ಕಿಂತ ಹೆಚ್ಚು ಸಾಯದ ತಳಿಗೆ ಮಾತ್ರ ‘ನಿರೋಧಕ’ ಎಂಬ ಹೆಸರು. ಒಂದೂರಲ್ಲಿ ಗೆದ್ದರೂ ಸಾಲದು, ಶಿಲೀಂಧ್ರದ ಬಗೆಗಳು ಊರಿಂದೂರಿಗೆ ಬೇರೆ.

ಹೀಗೆ ಗೆದ್ದು ಬಂದದ್ದೇ ‘ಮಾರುತಿ’, ಅಂದರೆ ಐಸಿಪಿ 8863. ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಆಯ್ದ ಈ ತಳಿ 1986ರಲ್ಲಿ ಕರ್ನಾಟಕದ ರೈತರ ಕೈ ಸೇರಿತು, ನೆಟೆಯಿಂದ ಬಳಲಿದ್ದ ನಮ್ಮ ಜಿಲ್ಲೆಯಲ್ಲಿ ಬೇಗ ಹಬ್ಬಿತು. ಆದರೆ ಇದೇ ಮಾರುತಿ ಗೊಡ್ಡು ರೋಗಕ್ಕೆ ಸುಲಭದ ತುತ್ತು. ಆ ರೋಗ ಬಂದ ಗಿಡ ಒಣಗುವುದಿಲ್ಲ. ಸಣ್ಣೆಲೆ ಬಿಟ್ಟು ಪೊದೆಯಂತೆ ಬೆಳೆದು, ಹೂ ಬಿಡದೆ ನಿಲ್ಲುತ್ತದೆ. ಅದರ ವೈರಾಣುವನ್ನು ಹರಡುವುದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಪರೀಕ್ಷೆ ಮಾಡುವವರು ರೋಗದ ಎಲೆಯೊಂದನ್ನು ತಂದು, ಎರಡೆಲೆಯ ಸಸಿಯ ಎಲೆಗೆ ಸ್ಟೇಪ್ಲರ್ ಪಿನ್ನಿನಿಂದ ಚುಚ್ಚಿ ಕೂಡಿಸುತ್ತಾರೆ. ಕಿತ್ತ ಎಲೆ ಒಣಗುತ್ತಿದ್ದಂತೆ ನುಸಿಗಳು ಹಸಿ ಎಲೆಗೆ ದಾಟಿಕೊಳ್ಳುತ್ತವೆ. ಇಲ್ಲಿ ರೋಗಕ್ಕೆ ಬೀಳಲೆಂದೇ ಬಿತ್ತುವ ಬಲಹೀನ ಸಾಲು ಮಾರುತಿಯದ್ದು! ಒಂದು ರೋಗ ಗೆದ್ದ ತಳಿಯನ್ನು ಸರ್ವರೋಗಕ್ಕೂ ಮದ್ದೆಂದು ಮಾರುವವರನ್ನು ನಂಬಬಾರದು ಎನ್ನುವುದು ಇದಕ್ಕೇ. ಮುಂದೆ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರವೇ ಟಿಎಸ್-3ಆರ್‌ನಂಥ ತಳಿಗಳನ್ನು ಕೊಟ್ಟಿತು.

ಇಷ್ಟಾದರೂ ಮನೆಬೀಜ ವರ್ಷದಿಂದ ವರ್ಷಕ್ಕೆ ಯಾಕೆ ಸೊರಗುತ್ತದೆ? ತೊಗರಿ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ಆದರೆ ಹೆಜ್ಜೇನು ಮತ್ತಿತರ ಜೇನುಗಳು ಪಕ್ಕದ ಹೊಲದ ಪರಾಗವನ್ನೂ ತರುತ್ತವೆ. ಚಂದ್ರಂಪಳ್ಳಿ ಕಾಡಿನಂಚಿನ ಹೊಲವಾಗಲಿ, ವಾಡಿ, ಶಹಾಬಾದ್ ಕಡೆಯ ಬಯಲಾಗಲಿ, ಬದುವಿನಾಚೆ ಹಳೆಯ ತಳಿ ಇದ್ದರೆ ನಿಮ್ಮ ಬೀಜದಲ್ಲಿ ಅದರ ಪಾಲು ಸೇರಿಯೇ ಸೇರುತ್ತದೆ. ವಿಜ್ಞಾನಿಗಳು ಗಿಡಗಳಿಗೆ ಬಲೆ ಹೊದಿಸಿ ಇದನ್ನು ತಡೆಯುತ್ತಾರೆ. ಪ್ರಮಾಣಿತ ಬೀಜ ಬೆಳೆಯುವವರು ಬೇರೆ ತೊಗರಿಯಿಂದ 100 ಮೀಟರ್ ದೂರ ಬಿಡಬೇಕು. ನಮಗೆ ಅಷ್ಟು ಸಾಧ್ಯವಾಗದಿದ್ದರೂ ಬದುವಿನ ಸಾಲು ಬಿಟ್ಟು ಹೊಲದ ನಡುವಿನ ಗಟ್ಟಿ ಗಿಡಗಳನ್ನು ಗುರುತು ಮಾಡಿಟ್ಟು, ಅವುಗಳ ರಾಶಿಯನ್ನು ಬೇರೆ ಮಾಡಬಹುದು. ಮೂರು ವರ್ಷಕ್ಕೊಮ್ಮೆ ಹೊಸ ಬೀಜ ತರುವುದು ಒಳ್ಳೆಯದು.

ತಳಿಯ ಮೇಲೇ ಎಲ್ಲ ಭಾರ ಹಾಕುವುದು ತಪ್ಪು. ತೊಗರಿ ಮೇಲೆ ತೊಗರಿ ಬಿತ್ತಿದರೆ ನಮ್ಮ ಹೊಲವೇ ರೋಗದ ತಾಕಾಗುತ್ತದೆ. ನಡುವೆ ಒಂದೆರಡು ವರ್ಷ ಜೋಳ ಹಾಕಿದರೆ ಶಿಲೀಂಧ್ರ ಸೊರಗುತ್ತದೆ. ಜೋಳದ ಜೊತೆ ಅಕ್ಕಡಿಯಾಗಿ ಬಿತ್ತಿದ ತೊಗರಿಯಲ್ಲೂ ನೆಟೆ ಕಡಿಮೆ ಎಂದು ಪ್ರಯೋಗಗಳು ತೋರಿಸಿವೆ. ಬಿತ್ತುವ ಮುಂಚೆ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿ, ನೆರಳಲ್ಲಿ ಆರಿಸಬೇಕು.

ಒಣಗಿದ್ದೆಲ್ಲ ನೆಟೆಯಲ್ಲ ಎಂಬುದೂ ನೆನಪಿರಲಿ. ಕಿತ್ತಾಗ ಬೇರು ಪಟ್ಟನೆ ಮುರಿದು, ಸಿಪ್ಪೆ ಚೂರುಚೂರಾಗಿ, ಒಳಗೆ ಕಪ್ಪು ಚುಕ್ಕೆಗಳು ಕಂಡರೆ ಅದು ಒಣ ಬೇರು ಕೊಳೆ, ಬಿಸಿಲು ಮತ್ತು ತೇವದ ಕೊರತೆ ಕೂಡಿದಾಗ ಹೆಚ್ಚುವ ಬೇರೆ ರೋಗ. ಅನುಮಾನವಿದ್ದರೆ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಗಿಡ ಒಯ್ಯಿರಿ. ಪೂರ್ತಿ ಒಣಗಿದ ಗಿಡ ಬೇಡ, ಅದರ ಮೇಲೆ ಸತ್ತದ್ದನ್ನು ತಿನ್ನುವ ಬೇರೆ ಶಿಲೀಂಧ್ರಗಳು ಬೆಳೆದು ಮೂಲ ರೋಗ ಪತ್ತೆಯಾಗುವುದು ಕಷ್ಟ. ಅರ್ಧ ಬಾಡಿದ ಗಿಡವನ್ನು ಸಲಿಕೆಯಿಂದ ಎಬ್ಬಿಸಿ, ಬೇರಿಗೆ ಹತ್ತಿದ ಮಣ್ಣಿನ ಸಮೇತ ಕಾಗದದಲ್ಲಿ ಸುತ್ತಿ, ಕಳೆದ ಮೂರು ವರ್ಷ ಆ ಹೊಲದಲ್ಲಿ ಏನು ಬಿತ್ತಿದ್ದಿರಿ ಎಂದು ಬರೆದುಕೊಂಡು ಅದೇ ದಿನ ಮುಟ್ಟಿಸಿ.