ಶ್ವಾಸಕೋಶ ಕಾಯಿಲೆ: ಮಾಜಿ ಸೈನಿಕರ ಮೇಲ್ಮನವಿಗೆ ಹಳೆಯ ದಾಖಲೆಯೇ ಬಲ

ಕಾರವಾರ: ಸೀಬರ್ಡ್ ನೌಕಾನೆಲೆಯಿರುವ ಕಾರವಾರ, ಅಂಕೋಲಾ ತಾಲ್ಲೂಕುಗಳಿಗೆ ಸೇನೆಯ ನಂಟು ಹೊಸದಲ್ಲ. ಆದರೆ ದೀರ್ಘಕಾಲಿಕ ಶ್ವಾಸಕೋಶ ಕಾಯಿಲೆಯೊಂದಿಗೆ ನಿವೃತ್ತರಾಗಿ ಅಂಗವೈಕಲ್ಯ ಪಿಂಚಣಿ ಕೋರುವ ಯೋಧರಿಗೆ ಎದುರಾಗುವ ದೊಡ್ಡ ತೊಡಕು 'ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ' ಎಂಬ ವೈದ್ಯಕೀಯ ಮಂಡಳಿಯ ಷರಾ. ಬೀಡಿ, ಸಿಗರೇಟ್ ಚಟದ ಉಲ್ಲೇಖವಿದ್ದರಂತೂ ಹಾದಿ ಇನ್ನಷ್ಟು ದುರ್ಗಮ. ಮಿತಿಮೀರಿದ ತಂಬಾಕು ಸೇವನೆಯಿಂದಾದ ವೈಕಲ್ಯಕ್ಕೆ ನಿಯಮಗಳಲ್ಲಿ ಪರಿಹಾರವಿಲ್ಲ.

ಹಾಗೆಂದು ಕೈಚೆಲ್ಲಬೇಕಿಲ್ಲ. ಸೇನೆಗೆ ಸೇರುವಾಗ ದಾಖಲಾಗಿರದ ಕಾಯಿಲೆ ಸೇವೆಯಿಂದಲೇ ಬಂದುದೆಂದು ಭಾವಿಸಬೇಕು, ಅಲ್ಲವೆಂದು ಸಾಧಿಸುವ ಹೊಣೆ ಸರ್ಕಾರದ್ದು ಎಂದು ಸುಪ್ರೀಂ ಕೋರ್ಟ್ 2013ರ ಜುಲೈ 2ರಂದು ಧರಂವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆ ಪ್ರಕರಣ ಮೂರ್ಛೆರೋಗದ್ದು. ತತ್ವ ಮಾತ್ರ ಇತರ ಕಾಯಿಲೆಗಳಿಗೂ ಸಲ್ಲುತ್ತದೆ. ಕಾರಣ ನೀಡದೆ ಬರೆದ ಮಂಡಳಿಯ ಅಭಿಪ್ರಾಯವನ್ನು ನ್ಯಾಯಾಲಯ ಅಲ್ಲಿ ಒಪ್ಪಲಿಲ್ಲ.

ಆದ್ದರಿಂದ ಸೇರ್ಪಡೆ ವೇಳೆಯ ತಪಾಸಣಾ ವರದಿ, ಬಿಡುಗಡೆ ಮಂಡಳಿಯ ವರದಿ, ಸೇವಾಸ್ಥಳಗಳ ವಿವರ ಹಾಗೂ ಸೇನಾ ಆಸ್ಪತ್ರೆಯ ಚೀಟಿಗಳೇ ಅರ್ಜಿದಾರರ ಆಸ್ತಿ. ತಿರಸ್ಕಾರ ಪತ್ರ ಬಂದೊಡನೆ ಗಡುವಿನೊಳಗೆ ಇಲಾಖೆಯಲ್ಲಿ ಮೊದಲ ಮೇಲ್ಮನವಿ ಸಲ್ಲಿಸಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ಎರಡನೆಯದು, ಬಳಿಕ 2007ರ ಕಾಯ್ದೆಯಡಿ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಸಾಮಾನ್ಯ ನಿವೃತ್ತಿ ಪಡೆದವರಿಗೆ ವೈಕಲ್ಯ ಕನಿಷ್ಠ ಶೇ 20 ಇರಬೇಕೆಂಬ ಷರತ್ತೂ ಉಂಟು.

2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಜಾರಿಗೆ ಬಂದಿವೆ. ನಿವೃತ್ತಿಯ ದಿನಾಂಕ ಅದಕ್ಕಿಂತ ಹಿಂದಿನದೇ, ಮುಂದಿನದೇ ಎಂಬುದನ್ನು ಮೊದಲು ನೋಡಿಕೊಳ್ಳುವುದು ಒಳಿತು.