ಸೂರು ನೋಡಿ ಊರು ತಿಳಿಯುವುದು

ಪ್ರಾಥಮಿಕ ತರಗತಿಯ ಭೂಗೋಳ ಶಾಲೆಯ ಅಂಗಳದಲ್ಲೇ ಶುರುವಾಗುತ್ತದೆ. ಬೆಳಗಿನ ಸೂರ್ಯನತ್ತ ಮುಖ ಮಾಡಿ ಕೈಚಾಚಿ ನಿಂತ ಮಗುವಿನ ಎಡಗೈ ಉತ್ತರ, ಬಲಗೈ ದಕ್ಷಿಣ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾವಿ, ಗುಡಿ, ಬಸ್ ನಿಲ್ದಾಣ ಗುರುತಿಸಿದರೆ ಮೊದಲ ನಕ್ಷೆ ಸಿದ್ಧ. ಹತ್ತು ಹೆಜ್ಜೆಗೆ ಒಂದು ಗೇಣು ಎಂದರೆ ಅಳತೆಯ ಪಾಠವೂ ಆಯಿತು.

ಆಮೇಲೆ ಜನಜೀವನ. ಇದಕ್ಕೆ ಮನೆಯ ಸೂರಿಗಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ಇಳಿಜಾರಾದ ಹೆಂಚಿನ ಮಾಡು, ಸುತ್ತ ಅಡಿಕೆ ತೋಟ. ಸುಮಾರು 600 ಮಿಲಿಮೀಟರ್ ಮಳೆಯ ವಿಜಯಪುರದ ಕಡೆ ಮಣ್ಣಿನ ಚಪ್ಪಟೆ ಮಾಳಿಗೆ, ಹೊಲದಲ್ಲಿ ಬಿಳಿಜೋಳ. ಬೇಸಿಗೆ ರಾತ್ರಿ ಮಲಗುವುದೂ ಆ ಮಾಳಿಗೆಯ ಮೇಲೆಯೇ. ಸೂರಿನಂತೆ ಕಸುಬೂ ಊರಿನ ಗುರುತು ಹೇಳುತ್ತದೆ: ಕರಾವಳಿಯ ಮಲ್ಪೆಯಲ್ಲಿ ಜೂನ್, ಜುಲೈ ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ, ಬಲೆಗಳು ರಿಪೇರಿಯಲ್ಲಿ.