ನಾಲ್ಕು ರಾತ್ರಿಯ ಹಡಗು: ತಲೆಗೆ ಎಷ್ಟು ಬೀಳುತ್ತದೆ?

ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ಮತ್ತೆ ಸಿಂಗಪುರಕ್ಕೆ ಬರುವ ನಾಲ್ಕು ರಾತ್ರಿಯ ಕ್ರೂಸ್. ಜಾಹೀರಾತಿನಲ್ಲಿ ಒಂದೇ ಅಂಕಿ ದಪ್ಪ ಅಕ್ಷರದಲ್ಲಿ ಕಾಣುತ್ತದೆ: ತಲೆಗೆ 450 ಡಾಲರ್ ಎಂದಿಟ್ಟುಕೊಳ್ಳೋಣ. ಡಾಲರಿಗೆ 90 ರೂಪಾಯಿಯಂತೆ 40,500. ಆದರೆ ಬೆಂಗಳೂರಿನ ಗಂಡ, ಹೆಂಡತಿ, ಇಬ್ಬರು ಮಕ್ಕಳು ಮನೆಗೆ ಬೀಗ ಹಾಕಿ ಹೊರಟಾಗಿನಿಂದ ವಾಪಸ್ ಬಂದು ಬೀಗ ತೆಗೆಯುವವರೆಗಿನ ಖರ್ಚನ್ನೆಲ್ಲ ಕೂಡಿ ನಾಲ್ಕರಿಂದ ಭಾಗಿಸಿದರೆ ಬರುವುದು 91,460. ಎರಡೂಕಾಲು ಪಟ್ಟು.

ಇದರಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ಉಳಿದ ಅಂಕಿಗಳೆಲ್ಲ ಎಲ್ಲೋ ಒಂದು ಕಡೆ ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತವೆ. ಅವನ್ನು ಒಟ್ಟಿಗೆ ಬರೆದು ಕೂಡುವ ಕೆಲಸ ಮಾತ್ರ ಪ್ರಯಾಣಿಕನ ಪಾಲಿಗೆ ಬಿಟ್ಟಿದೆ. ಆ ಕೂಡುವ ಲೆಕ್ಕವೇ ಈ ಬರಹ. ಟಿಕೆಟ್, ಬಂದರು ಶುಲ್ಕ, ವಿಮಾನ, ಹೋಟೆಲ್ ದರಗಳನ್ನು ನಾನು ಲೆಕ್ಕಕ್ಕೆಂದು ಇಟ್ಟುಕೊಂಡಿದ್ದೇನೆ. ಅವು ತಾರೀಖಿನಿಂದ ತಾರೀಖಿಗೆ ಬದಲಾಗುತ್ತವೆ, ನಿಮಗೆ ಸಿಕ್ಕ ದರವನ್ನು ಅಲ್ಲಿ ಕೂರಿಸಿ ನೋಡಿ. ಟಿಪ್ಸ್, ವೀಸಾ ಶುಲ್ಕ, ಕ್ಯಾಬಿನ್ನಿನ ಅಳತೆ ಮಾತ್ರ ಕಂಪನಿಗಳೂ ಸರ್ಕಾರಗಳೂ ಪ್ರಕಟಿಸಿದವು.

ಮೊದಲು ಹಡಗಿನ ಬಿಲ್ಲು. ಒಂದು ಕ್ಯಾಬಿನ್ನಿನ ಮೊದಲ ಇಬ್ಬರಿಗೆ ಪೂರ್ತಿ ದರ, ಮೂರನೆಯ ಮತ್ತು ನಾಲ್ಕನೆಯವರಿಗೆ ಕಡಿಮೆ ದರ ಎಂಬುದು ಈ ವ್ಯಾಪಾರದ ರೂಢಿ. ದೊಡ್ಡವರಿಗೆ ತಲಾ 450, ಮಕ್ಕಳಿಗೆ ತಲಾ 250 ಎಂದರೆ 1,400 ಡಾಲರ್ ಆಯಿತು. ಬಂದರು ಶುಲ್ಕ ಮತ್ತು ತೆರಿಗೆಗೆ ಇಂಥ ರಿಯಾಯಿತಿ ಇಲ್ಲ. ತಲೆಗೆ 120ರಂತೆ ನಾಲ್ವರಿಗೆ 480. ಆಮೇಲೆ ಟಿಪ್ಸ್. ರಾಯಲ್ ಕೆರಿಬಿಯನ್ ಕಂಪನಿಯಲ್ಲಿ 2024ರ ನವೆಂಬರಿನಿಂದ ಸಾಮಾನ್ಯ ಕ್ಯಾಬಿನ್ನಿಗೆ ತಲೆಗೆ ದಿನಕ್ಕೆ 18.50 ಡಾಲರ್, ಸೂಟಿಗೆ 21. ಮೆಚ್ಚಿದರೆ ಕೊಡುವ ಭಕ್ಷೀಸಲ್ಲ ಇದು. ತಾನಾಗಿಯೇ ಖಾತೆಗೆ ಬೀಳುತ್ತದೆ, ಮಕ್ಕಳ ಹೆಸರಿನಲ್ಲೂ ಬೀಳುತ್ತದೆ. 18.50 ಗುಣಿಸು 4 ಜನ, ಗುಣಿಸು 4 ರಾತ್ರಿ, ಒಟ್ಟು 296 ಡಾಲರ್. ಮೂರನ್ನೂ ಕೂಡಿದರೆ 2,176 ಡಾಲರ್, ಅಂದರೆ 1,95,840 ರೂಪಾಯಿ. ಟಿಕೆಟ್ಟಿನ ಮೇಲೆ ನೂರಕ್ಕೆ 55ರಷ್ಟು ಹೆಚ್ಚುವರಿ ಹಡಗು ಹತ್ತುವ ಮುಂಚೆಯೇ ಕೂತಿದೆ.

‘ಮಕ್ಕಳಿಗೆ ಉಚಿತ’ ಎಂಬ ಕೊಡುಗೆಯನ್ನು ಇದೇ ಲೆಕ್ಕದಲ್ಲಿ ಅಳೆಯಿರಿ. ಉಚಿತ ಆಗುವುದು 250 ಡಾಲರಿನ ಟಿಕೆಟ್ ಮಾತ್ರ. ಬಂದರು ಶುಲ್ಕ 120, ಟಿಪ್ಸ್ 74, ಒಟ್ಟು 194 ಡಾಲರ್ ಹಾಗೇ ಉಳಿಯುತ್ತದೆ. ಒಂದು ಉಚಿತ ಮಗುವಿಗೆ 17,460 ರೂಪಾಯಿ! ಒಂಟಿಯಾಗಿ ಹೋಗುವವರ ಪಾಡು ಇನ್ನೂ ಕಷ್ಟ. ಕ್ಯಾಬಿನ್ನನ್ನು ಇಬ್ಬರ ಲೆಕ್ಕದಲ್ಲಿ ಮಾರುವುದರಿಂದ ಒಬ್ಬರೇ ಇದ್ದರೂ ಹೆಚ್ಚಿನ ಕಡೆ ಎರಡು ಟಿಕೆಟ್ಟಿನ ಹಣ ಕೇಳುತ್ತಾರೆ. ಜೋಡಿಯಲ್ಲಿ ಹೋದವರಿಗೆ ತಲೆಗೆ 644 ಡಾಲರ್ ಬಿದ್ದರೆ ಒಂಟಿ ಪ್ರಯಾಣಿಕನಿಗೆ 1,094.

ಇನ್ನು ಹಡಗಿನ ಹೊರಗಿನ ಖರ್ಚು. ವಿಮಾನಕ್ಕೆ ತಲಾ 25,000ದಂತೆ ಒಂದು ಲಕ್ಷ. ಸಿಂಗಪುರ ವೀಸಾಕ್ಕೆ ಸರ್ಕಾರಿ ಶುಲ್ಕ ತಲೆಗೆ 30 ಸಿಂಗಪುರ ಡಾಲರ್. 70 ರೂಪಾಯಿಯಂತೆ ನಾಲ್ವರಿಗೆ 8,400, ಏಜೆಂಟರ ಸೇವಾಶುಲ್ಕ ಬೇರೆ. ಎಸ್‌ಜಿ ಅರೈವಲ್ ಕಾರ್ಡ್ ಎಂಬ ಪ್ರವೇಶ ನಮೂನೆಗೆ ಮಾತ್ರ ಶುಲ್ಕ ಸೊನ್ನೆ. ಅದಕ್ಕೂ ದುಡ್ಡು ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ. ಹಿಂದಿನ ದಿನದ ಹೋಟೆಲಿಗೆ 15,000. ಎರಡೂ ಊರಲ್ಲಿ ವಿಮಾನ ನಿಲ್ದಾಣಕ್ಕೆ ಹೋಗಿಬರುವ ಟ್ಯಾಕ್ಸಿಗೆ 8,000, ವಿಮೆಗೆ 4,000, ಒಂದು ಫೋನಿಗೆ ವೈಫೈ ದಿನಕ್ಕೆ 20 ಡಾಲರಿನಂತೆ 7,200. ಫುಕೆಟ್‌ನಲ್ಲಿ ತಲೆಗೆ 40 ಡಾಲರಿನ ಒಂದು ಪ್ರವಾಸ, ಒಟ್ಟು 14,400. ಪೆನಾಂಗ್‌ನಲ್ಲಿ ಊಟ, ತಿಂಡಿಗೆ 3,000. ಹಡಗಿನಲ್ಲಿ ಪಾನೀಯ, ಫೋಟೊ, ಮಕ್ಕಳು ಹಟ ಹಿಡಿದು ಕೊಡಿಸಿಕೊಳ್ಳುವ ಸಾಮಾನು ಎಲ್ಲ ಸೇರಿ 10,000. ಒಟ್ಟು ಮೊತ್ತ 3,65,840. ಇದರಲ್ಲಿ ಹಡಗಿಗೆ ಸಲ್ಲುವುದು ನೂರಕ್ಕೆ 54 ಮಾತ್ರ. ರಿಯಾಯಿತಿ ಟಿಕೆಟ್ಟಿಗೆ ತಿಂಗಳುಗಟ್ಟಲೆ ಕಾದು 50 ಡಾಲರ್ ಉಳಿಸಿದವರು, ಶಾಲೆಗಳಿಗೆ ರಜೆ ಬಿದ್ದ ವಾರದಲ್ಲಿ ವಿಮಾನ ಹತ್ತಿ ಅದರ ಎರಡರಷ್ಟು ಕಳೆಯುವುದು ಸುಲಭ. ತಾರೀಖು ಗೊತ್ತು ಮಾಡುವ ಮೊದಲು ಹಡಗು, ವಿಮಾನ ಎರಡರ ದರವನ್ನೂ ಅಕ್ಕಪಕ್ಕ ಬರೆದು ನೋಡಬೇಕು.

ಹಿಂದಿನ ದಿನವೇ ಹೋಗಿ ಹೋಟೆಲಿನಲ್ಲಿ ಯಾಕೆ ಉಳಿಯಬೇಕು, ಬೆಳಗಿನ ವಿಮಾನ ಹಿಡಿದರೆ ಆಗದೇ ಎಂದು ಎಲ್ಲರೂ ಕೇಳುತ್ತಾರೆ. ಬೆಂಗಳೂರಿನಿಂದ ಸಿಂಗಪುರಕ್ಕೆ ನಾಲ್ಕೂವರೆ ಗಂಟೆ ಹಾರಾಟ, ಗಡಿಯಾರ ಎರಡೂವರೆ ಗಂಟೆ ಮುಂದೆ. ಬೆಳಿಗ್ಗೆ 7ಕ್ಕೆ ಹೊರಟರೆ ಅಲ್ಲಿ ಇಳಿಯುವಾಗ ಮಧ್ಯಾಹ್ನ 2. ಇಮಿಗ್ರೇಶನ್, ಸಾಮಾನು, ಟ್ಯಾಕ್ಸಿ ಮುಗಿಸಿ ಮರೀನಾ ಬೇ ಕ್ರೂಸ್ ಸೆಂಟರ್ ತಲುಪಲು 4 ಆಗುತ್ತದೆ. ಹಡಗು ಹೊರಡುವ ಒಂದರಿಂದ ಒಂದೂವರೆ ಗಂಟೆ ಮೊದಲೇ ಹತ್ತಿಸಿಕೊಳ್ಳುವುದನ್ನು ನಿಲ್ಲಿಸುತ್ತಾರೆ. ವಿಮಾನ ಎರಡು ಗಂಟೆ ತಡವಾದರೆ 1,95,840 ರೂಪಾಯಿ ದಡದಿಂದ ದೂರ ಸರಿಯುವುದನ್ನು ನಿಂತು ನೋಡಬೇಕು. 15,000 ಕೊಟ್ಟು ಮಲಗುವುದೇ ಲಾಭ.

ಈಗ ಗಂಟೆಯ ಲೆಕ್ಕ. ನನ್ನ ಮಟ್ಟಿಗೆ ದುಡ್ಡಿಗಿಂತ ಇದೇ ಮುಖ್ಯ. ‘ನಾಲ್ಕು ರಾತ್ರಿ, ಐದು ದಿನ’ ಎನ್ನುತ್ತಾರೆ. ಮೊದಲ ದಿನ ಮಧ್ಯಾಹ್ನ 1ಕ್ಕೆ ಹತ್ತಿ ಐದನೆಯ ದಿನ ಬೆಳಿಗ್ಗೆ 7ಕ್ಕೆ ಇಳಿದರೆ ಅದು 90 ಗಂಟೆ. ನಿದ್ದೆಗೆ 32 ಕಳೆಯಿರಿ. ಎರಡು ಬಂದರುಗಳಲ್ಲಿ ತಲಾ 8 ಗಂಟೆ ನಿಂತರೆ 16. ಮಿಕ್ಕ 42 ಗಂಟೆ ಎಚ್ಚರವಾಗಿದ್ದುಕೊಂಡು ಹಡಗಿನ ಮೇಲೆಯೇ ಇರುತ್ತೀರಿ. ಬಂದರಿನ 16 ಗಂಟೆಯಲ್ಲೂ ಇಳಿಯುವ ಸರದಿ, ಮರಳುವ ಸರದಿಯೆಂದು ನಾಲ್ಕು ಗಂಟೆ ಹೋಗಿ 12 ಉಳಿಯುತ್ತದೆ. ನೀವು ಕೊಳ್ಳುತ್ತಿರುವುದು ಹಡಗನ್ನು; ಊರು ಅದರ ಜೊತೆ ಬರುವ ಕೊಸರು. ಥಾಯ್ಲೆಂಡ್ ನೋಡಲೇಬೇಕು ಎಂದು ಹೊರಟವರಿಗೆ ವಿಮಾನವೇ ವಾಸಿ. ಮಕ್ಕಳು ಈಜುಕೊಳದಲ್ಲಿ, ಅಜ್ಜ ಅಜ್ಜಿ ಡೆಕ್ಕಿನ ಕುರ್ಚಿಯಲ್ಲಿ, ಅಡುಗೆಯ ಚಿಂತೆ ಯಾರಿಗೂ ಇಲ್ಲ ಎಂಬ ಸುಖ ಬೇಕಿದ್ದರೆ ಆ 42 ಗಂಟೆ ಸಾರ್ಥಕ.

ಬಂದರಿನ ಗಂಟೆ ಎಷ್ಟು ಬೇಗ ಕರಗುತ್ತದೆ ಎಂಬುದು ಮಂಗಳೂರಿನವರಿಗೆ ಗೊತ್ತು. ನವಮಂಗಳೂರು ಬಂದರಿಗೆ ಪ್ರತಿ ಹಂಗಾಮಿನಲ್ಲಿ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಪಣಂಬೂರಿನಲ್ಲಿ ಇಳಿದವರು ಬಸ್ಸು ಹತ್ತಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ಗೋಕರ್ಣನಾಥ ದೇವಸ್ಥಾನ, ಸೇಂಟ್ ಅಲೋಶಿಯಸ್ ಚಾಪೆಲ್, ಒಂದು ಗೇರುಬೀಜದ ಕಾರ್ಖಾನೆ ನೋಡಿ ಸಂಜೆಗೆ ಹಡಗು ಸೇರುತ್ತಾರೆ. ಮೂಡುಬಿದಿರೆಗೆ ಹೋಗಿಬರುವುದಕ್ಕೇ ಎರಡೂವರೆ ಗಂಟೆ ಬೇಕು. ಬಸದಿಯಲ್ಲಿ ಮುಕ್ಕಾಲು ಗಂಟೆ ನಿಂತರೆ ಹೆಚ್ಚು. ಮಂಗಳೂರು ನೋಡಿದೆವು ಎಂದು ಅವರು ಊರಿಗೆ ಹೋಗಿ ಹೇಳುವುದೂ ಫುಕೆಟ್ ನೋಡಿದೆವು ಎಂದು ನಾವು ಹೇಳುವುದೂ ಒಂದೇ ತೂಕದ ಮಾತು.

ಎರಡು ಬಂದರುಗಳನ್ನು ಒಂದೇ ಕಣ್ಣಿಂದ ನೋಡಬೇಡಿ. ಪೆನಾಂಗ್‌ನ ಸ್ವೆಟೆನ್‌ಹ್ಯಾಮ್ ಪಿಯರ್ ಇರುವುದು ಜಾರ್ಜ್ ಟೌನಿನ ಮಗ್ಗುಲಲ್ಲೇ. 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಊರು ಅದು. ಲಿಟ್ಲ್ ಇಂಡಿಯಾ, 1833ರ ಮಾರಿಯಮ್ಮನ್ ದೇವಸ್ಥಾನ ಎಲ್ಲ ನಡೆದೇ ನೋಡಬಹುದು, ಇಡ್ಲಿ ದೋಸೆಯೂ ಸಿಗುತ್ತದೆ. ಅಲ್ಲಿ ಹಡಗಿನವರ ಬಸ್ ಪ್ರವಾಸಕ್ಕೆ ಹಣ ಕಟ್ಟುವುದು ದಂಡ. ಫುಕೆಟ್‌ನಲ್ಲಿ ಮಾತ್ರ ದೊಡ್ಡ ಹಡಗುಗಳು ಪಾಟೊಂಗ್ ಕೊಲ್ಲಿಯಲ್ಲಿ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಬಿಡುವುದು ಸಾಮಾನ್ಯ. ಸಾವಿರಾರು ಜನ ಹೀಗೆ ಇಳಿಯಬೇಕು. ಹಡಗಿನ ಮೂಲಕವೇ ಪ್ರವಾಸ ಕಾದಿರಿಸಿದವರಿಗೆ ದೋಣಿಯಲ್ಲಿ ಮೊದಲ ಸರದಿ ಸಿಗುವುದುಂಟು, ಅವರ ಬಸ್ಸು ತಡವಾದರೆ ಹಡಗೂ ಕಾಯುತ್ತದೆ. ಸ್ವಂತ ಟ್ಯಾಕ್ಸಿಯಲ್ಲಿ ಹೋದವರಿಗೆ ಕಾಯುವುದಿಲ್ಲ. ಇಲ್ಲಿ ಇನ್ನೊಂದು ಪೇಚು: ಥಾಯ್ಲೆಂಡಿನ ಗಡಿಯಾರ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ದಡ ಮುಟ್ಟಿದೊಡನೆ ಫೋನು ತಾನಾಗಿಯೇ ಅಲ್ಲಿನ ಸಮಯಕ್ಕೆ ತಿರುಗುತ್ತದೆ, ಹಡಗು ಸಿಂಗಪುರದ ಸಮಯವನ್ನೇ ಇಟ್ಟುಕೊಂಡಿದ್ದರೆ ನೀವು ಒಂದು ಗಂಟೆ ತಡ. ಇಳಿಯುವ ಮುಂಚೆ ಹಡಗಿನ ಗಡಿಯಾರ ನೋಡಿ, ಒಬ್ಬರಾದರೂ ಕೈಗಡಿಯಾರ ಕಟ್ಟಿಕೊಳ್ಳಿ.

ಯಾವ ಕ್ಯಾಬಿನ್? ರಾಯಲ್ ಕೆರಿಬಿಯನ್‌ನ ಕ್ವಾಂಟಮ್ ವರ್ಗದ ಹಡಗುಗಳಲ್ಲಿ ಕಿಟಕಿಯಿಲ್ಲದ ಒಳ ಕ್ಯಾಬಿನ್ 166 ಚದರಡಿ, ಬಾಲ್ಕನಿ ಕ್ಯಾಬಿನ್ 198 ಚದರಡಿ, ಅದರ ಹೊರಗೆ 55 ಚದರಡಿ ಬಾಲ್ಕನಿ. ಒಳ ಕ್ಯಾಬಿನ್ ಎಂದರೆ 30-40 ಸೈಟಿನ ಮನೆಯ ಬೆಡ್‌ರೂಮು, ಅದರಲ್ಲೇ ಬಚ್ಚಲೂ ಸೇರಿ. ನಾಲ್ವರಾದರೆ ಇಬ್ಬರು ಗೋಡೆಯಿಂದ ಇಳಿಯುವ ಮಂಚದಲ್ಲೊ ಸೋಫಾದಲ್ಲೊ ಮಲಗಬೇಕು. ಬಾಲ್ಕನಿಗೆ ಮೊದಲ ಇಬ್ಬರಿಂದ ತಲಾ 150 ಡಾಲರ್ ಹೆಚ್ಚು ಕೇಳಿದರೆ ರಾತ್ರಿಗೆ 6,750 ರೂಪಾಯಿ ಹೆಚ್ಚು ಬೀಳುತ್ತದೆ. ಸಿಂಗಪುರದ ಸೆಕೆಯಲ್ಲಿ, ಕೋಣೆಗೆ ಮಲಗಲು ಮಾತ್ರ ಬರುವ ಸಂಸಾರಕ್ಕೆ ಅದು ಬೇಡ. ಕಡಲಬೇನೆಯ ಹೆದರಿಕೆ ಇದ್ದವರು ಬಾಲ್ಕನಿಯ ಹಣದ ಬದಲು ಜಾಗ ಆರಿಸಿಕೊಳ್ಳಲಿ: ಕೆಳಗಿನ ಡೆಕ್, ಹಡಗಿನ ನಟ್ಟನಡು. ಓಲಾಟ ಅಲ್ಲೇ ಕಡಿಮೆ.

ಹಡಗಿನ ಗಾತ್ರಕ್ಕೆ ಬೆರಗಾಗುವ ಮೊದಲು ಒಂದು ಭಾಗಾಕಾರ ಮಾಡಿ. ಗ್ರಾಸ್ ಟನ್ನೇಜ್ ಎಂಬುದು ತೂಕವಲ್ಲ, ಹಡಗಿನ ಒಳಗಿನ ಜಾಗದ ಅಳತೆ. ಅದನ್ನು ಕೋಣೆಗೆ ಇಬ್ಬರಂತೆ ಹಿಡಿದ ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಎಷ್ಟು ಜಾಗ ಎಂದು ತಿಳಿಯುತ್ತದೆ. 2024ರ ಜನವರಿಯಲ್ಲಿ ಮೊದಲ ಯಾನ ಹೊರಟ ಐಕಾನ್ ಆಫ್ ದ ಸೀಸ್: 2,48,663 ಭಾಗಿಸು 5,610, ಉತ್ತರ 44. ಸಿಂಗಪುರದಿಂದ ಓಡಾಡಿದ, 2019ರ ಸ್ಪೆಕ್ಟ್ರಮ್: 1,69,379 ಭಾಗಿಸು 4,246, ಸುಮಾರು 40. 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಯಾನ ಶುರು ಮಾಡಿದ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್, 1990ರಲ್ಲಿ ಕಟ್ಟಿದ ಹಡಗು: 48,563 ಭಾಗಿಸು ಸುಮಾರು 1,600, ಬರುವುದು 30. ಊಟದ ಸಾಲು, ಲಿಫ್ಟಿನ ಮುಂದಿನ ಗುಂಪು ಹೇಗಿರುತ್ತದೆ ಎಂಬುದಕ್ಕೆ ಜಾಹೀರಾತಿನ ಚಿತ್ರಕ್ಕಿಂತ ಈ ಅಂಕಿಯೇ ಒಳ್ಳೆಯ ಸಾಕ್ಷಿ. ಆದರೆ ಎಂಪ್ರೆಸ್‌ನ ಮುಂಬಯಿ–ಗೋವಾ ಯಾನಕ್ಕೆ ಪಾಸ್‌ಪೋರ್ಟೂ ಬೇಡ, ವೀಸಾವೂ ಬೇಡ. ಮೇಲಿನ ಲೆಕ್ಕದಿಂದ 8,400 ವೀಸಾ, ವಿದೇಶಿ ವಿಮಾನದ ಹೆಚ್ಚಿನ ಪಾಲು ಎರಡನ್ನೂ ಹೊಡೆದುಹಾಕಬಹುದು. ಹಡಗು ತನಗೆ ಒಗ್ಗುತ್ತದೋ ಇಲ್ಲವೋ ಎಂದು ನೋಡಬಯಸುವವರಿಗೆ ಎರಡು ರಾತ್ರಿಯ ಈ ಓಡಾಟ ಸಾಕು.

ಕುಡಿಯುವ ಪ್ಯಾಕೇಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಯಲ್ ಕೆರಿಬಿಯನ್‌ನಲ್ಲಿ ಪಾನೀಯದ ಮೇಲೆ ನೂರಕ್ಕೆ 18 ಟಿಪ್ಸ್ ಸೇರುತ್ತದೆ. ದಿನಕ್ಕೆ 70 ಡಾಲರಿನ ಪ್ಯಾಕೇಜ್ 82.60 ಆಗುತ್ತದೆ, 14 ಡಾಲರಿನ ಒಂದು ಗ್ಲಾಸು 16.52. ದಿನಕ್ಕೆ ಐದು ಗ್ಲಾಸು ಕುಡಿದರೆ ಸರಿಸಮ, ಅಷ್ಟು ಕುಡಿಯದವರಿಗೆ ನಷ್ಟ. ನೀರು, ಕಾಫಿ, ಟೀ ಊಟದ ಜೊತೆ ಪುಕ್ಕಟೆ.

ಫೋನನ್ನು ಹಡಗು ಹತ್ತಿದ ಕೂಡಲೇ ಏರೋಪ್ಲೇನ್ ಮೋಡಿಗೆ ಹಾಕಿ. ನಡುಗಡಲಲ್ಲಿ ಅದು ಹಿಡಿಯುವುದು ಉಪಗ್ರಹದ ಜಾಲ, ಊರಿನ ರೋಮಿಂಗ್ ಪ್ಯಾಕ್ ಅಲ್ಲಿ ಸಾಮಾನ್ಯವಾಗಿ ನಡೆಯದು. ಇಸ್ತ್ರಿಪೆಟ್ಟಿಗೆ, ಕೆಟಲ್, ರೈಸ್ ಕುಕ್ಕರ್ ತಂದರೆ ತಪಾಸಣೆಯಲ್ಲೇ ತೆಗೆದಿಡುತ್ತಾರೆ. ಯಾನದ ಯಾವುದೇ ದಿನ 24ನೆಯ ವಾರಕ್ಕೆ ಕಾಲಿಡುವ ಗರ್ಭಿಣಿಯರನ್ನೂ ಆರು ತಿಂಗಳು ತುಂಬದ ಕೂಸುಗಳನ್ನೂ ದೊಡ್ಡ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ಹೊರಡಲು ಒಂದು ತಿಂಗಳು ಉಳಿದಿರುವಾಗ ರದ್ದು ಮಾಡಿದರೆ ಸಾಮಾನ್ಯವಾಗಿ ಟಿಕೆಟ್ಟಿನ ಹಣ ಪೂರ್ತಿ ಮುಳುಗುತ್ತದೆ, ಬಂದರು ಶುಲ್ಕ ಮತ್ತು ತೆರಿಗೆ ಮಾತ್ರ ವಾಪಸ್. ವಿಮೆಯನ್ನು ಟಿಕೆಟ್ ಕೊಂಡ ವಾರದಲ್ಲೇ ಕೊಳ್ಳಬೇಕು ಎನ್ನುವುದು ಇದಕ್ಕೆ. ಪ್ಯಾಕೇಜ್ ಕೊಂಡಾಗ ಏಜೆಂಟ್ ಹಿಡಿಯುವ ಟಿಸಿಎಸ್ (ಮೂಲದಲ್ಲೇ ವಸೂಲು ಮಾಡುವ ತೆರಿಗೆ) ಹಣವನ್ನು ಆದಾಯ ತೆರಿಗೆ ರಿಟರ್ನಿನಲ್ಲಿ ಹೊಂದಿಸಿಕೊಳ್ಳಬಹುದು, ಅದನ್ನು ಖರ್ಚಿಗೆ ಸೇರಿಸಬೇಡಿ.

ವೀಸಾದಲ್ಲಿ ಜನ ಎಡವುವುದು ಹೊರಡುವಾಗಲ್ಲ, ಮರಳುವಾಗ. ಹಡಗು ಹತ್ತಿದೊಡನೆ ನೀವು ಸಿಂಗಪುರ ಬಿಟ್ಟಂತೆ, ಐದನೆಯ ದಿನ ಮತ್ತೆ ಒಳಗೆ ಬರಬೇಕು. ವೀಸಾ ಮೇಲೆ ಒಂದಕ್ಕಿಂತ ಹೆಚ್ಚು ಪ್ರವೇಶ ಇದೆಯೇ, ಪಾಸ್‌ಪೋರ್ಟಿಗೆ ಆರು ತಿಂಗಳು ಬಾಕಿ ಇದೆಯೇ ನೋಡಿ.

ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರಿಗೆ ಇದೇ ಕಥೆ ಅಲಾಸ್ಕಾ ಯಾನದಲ್ಲಿ ಎದುರಾಗುತ್ತದೆ. ಅಲ್ಲಿ ಬಾಲ್ಕನಿಗೆ ಹಣ ಕೊಡಿ ಎನ್ನುತ್ತೇನೆ; ಜೂನಿನಲ್ಲಿ ಅಲಾಸ್ಕಾದ ಜೂನೋ ಊರಿನಲ್ಲಿ ರಾತ್ರಿ 10ರವರೆಗೂ ಬೆಳಕಿರುತ್ತದೆ, ಹಿಮನದಿ ಕೋಣೆಯ ಎದುರೇ ಸರಿದುಹೋಗುತ್ತದೆ. ತೊಡಕಿರುವುದು ಬೇರೆ ಕಡೆ. ಹಡಗು ಹೊರಡುವ ಸಿಯಾಟಲ್ ಕೂಡ ಅಮೆರಿಕವೇ, ಅಲಾಸ್ಕಾ ಕೂಡ ಅಮೆರಿಕವೇ ಎಂದು ಅಮೆರಿಕದ ವೀಸಾ ಸಾಕೆಂದುಕೊಳ್ಳುತ್ತಾರೆ. ಆದರೆ ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರುಗಳ ನಡುವೆ ಮಾತ್ರ ಪ್ರಯಾಣಿಕರನ್ನು ಒಯ್ಯಬಾರದು ಎಂಬ 1886ರ ಕಾನೂನಿದೆ. ಅದಕ್ಕಾಗಿ ಹೆಚ್ಚಿನ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಾಲ್ಕೈದು ಗಂಟೆ ನಿಲ್ಲುತ್ತವೆ. ಗ್ರೀನ್ ಕಾರ್ಡ್ ಇದ್ದ ಮಗನಿಗೆ ಕೆನಡಾ ವೀಸಾ ಬೇಡ; ಭಾರತದ ಪಾಸ್‌ಪೋರ್ಟಿನ ಮೇಲೆ ಪ್ರವಾಸಿಗಳಾಗಿ ಬಂದ ಅಪ್ಪ ಅಮ್ಮನಿಗೆ ಬೇಕು, ಇಲ್ಲದಿದ್ದರೆ ಸಿಯಾಟಲ್‌ನಲ್ಲೇ ಹತ್ತಿಸಿಕೊಳ್ಳುವುದಿಲ್ಲ. ಶುಲ್ಕ ತಲೆಗೆ 100 ಕೆನಡಾ ಡಾಲರ್, ಬೆರಳಚ್ಚಿಗೆ 85, ಇಬ್ಬರಿಗೆ 370. ಹಡಗಿನಿಂದ ಇಳಿಯದೆ ಕೋಣೆಯಲ್ಲೇ ಮಲಗಿದ್ದರೂ ಇದು ತಪ್ಪದು. ಬೆರಳಚ್ಚು ಕೊಟ್ಟು ಪಾಸ್‌ಪೋರ್ಟಿಗೆ ಮುದ್ರೆ ಬೀಳಲು ವಾರಗಳು ಹಿಡಿಯುತ್ತವೆ, ಆದ್ದರಿಂದ ಅರ್ಜಿಯನ್ನು ಬೆಂಗಳೂರು ಬಿಡುವ ಮುಂಚೆಯೇ ಹಾಕುವುದು ಅನುಕೂಲ.